ಬೆನ್ನು ಹಾಕಿ ಕೂತ ಧಣಿ

ಅವರ ಬಲಗೈ ಹೆಬ್ಬೆರಳಿನ ಉಗುರು ಅರಸಿನದ ಕೊಂಬಿನ ಹಾಗೆ ಹಳದಿಯಾಗಿ, ದಪ್ಪವಾಗಿ, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಬೀಡಿಯ ಕಟ್ಟೊಂದನ್ನು ಎಡಗೈಯಲ್ಲಿ ಹಿಡಿದು, ಆ ಉಗುರನ್ನು ಬೀಡಿಗಳ ತಲೆಯ ಮೇಲೆ ಮೆಲ್ಲನೆ ಎಳೆಯುತ್ತಿದ್ದರು. ಉಗುರು ಎಲ್ಲಿ ನಿಂತಿತೋ ಆ ಬೀಡಿಯ ಕಥೆ ಮುಗಿಯಿತು. ಅದನ್ನು ಹೊರಗೆಳೆದು, ಮುರಿದು, ಕಾಲಬುಡದ ಬುಟ್ಟಿಗೆ ಹಾಕುವಾಗ ಎದುರು ನಿಂತವರ ಮುಖ ನೋಡುತ್ತಿರಲಿಲ್ಲ. ಎದುರು ನಿಂತವಳು ನನ್ನ ಅಮ್ಮ. ಅವಳ ಸೆರಗು ಹಿಡಿದುಕೊಂಡು ನಾನು. ಆ ಉಗುರು ಒಂದು ದಿನ ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿ ಹೋಗಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೆರಡು ಸಲವಲ್ಲ.

ಊರಿಗೆಲ್ಲ ಅವರು ಬ್ರಾಂಚಿನ ಧಣಿ. ಬೀಡಿ ಕಂಪೆನಿಯಿಂದ ಎಲೆ, ಹೊಗೆಸೊಪ್ಪು ತರಿಸಿ ನಮ್ಮ ಹೆಂಗಸರಿಗೆ ತೂಗಿ ಕೊಡುವುದು, ಅವರು ಮನೆಯಲ್ಲಿ ಕೂತು ಕಟ್ಟಿ ತಂದ ಬೀಡಿಯನ್ನು ಪರೀಕ್ಷಿಸಿ ತೆಗೆದುಕೊಳ್ಳುವುದು, ಕಂಪೆನಿಯ ವ್ಯಾನಿಗೆ ತುಂಬಿಸಿ ಕಳುಹಿಸುವುದು, ಇಷ್ಟು ಅವರ ಕೆಲಸ. ಅನಂತಪುರಕ್ಕೆ ತಿರುಗುವ ರಸ್ತೆಯ ಬದಿಯಲ್ಲಿ, ಬಸ್ ಸ್ಟಾಪಿಗೆ ಎದುರಾಗಿ, ಹಂಚಿನ ಮಾಡಿನ ಉದ್ದದ ಕಟ್ಟಡ. ಮುಂದೆ ಜಗಲಿ, ಹಿಂದೆ ದಾಸ್ತಾನಿನ ಕೋಣೆ. ಜಗಲಿಯ ನಡುವೆ ಮೇಜು, ಮೇಜಿನ ಹಿಂದೆ ಬಿಳಿ ಬನಿಯನ್ನಿನ ಧಣಿ. ಹೊಗೆಸೊಪ್ಪಿನ ಧೂಳಿಗೆ ಅವರಿಗೆ ಸೀನು ಬರುತ್ತಿತ್ತು. ಬಂದರೆ ನಿಲ್ಲುತ್ತಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟು ಕಾಯುತ್ತಿದ್ದರು. ಇಷ್ಟು ವರ್ಷ ಬೀಡಿಯ ನಡುವೆ ಕೂತ ಮನುಷ್ಯ ಒಂದು ದಿನವೂ ಬೀಡಿ ಸೇದಿದ್ದನ್ನು ಯಾರೂ ಕಂಡಿಲ್ಲ. ಬೆಳಗ್ಗೆ ಕನ್ನಡ ಪೇಪರ್ ಬಂದರೆ ಮೊದಲು ನಿಧನರಾದವರ ಫೋಟೋ ಇರುವ ಪುಟ. "ಯಾರು ಹೋದ್ರು ಅಂತ ಗೊತ್ತಾಗದೆ ಬಾಕಿ ಸುದ್ದಿ ಎಂತಕ್ಕೆ?" ಎನ್ನುತ್ತಿದ್ದರು. ಯಾರು ಏನು ಕೇಳಿದರೂ ಅವರ ಉತ್ತರ ಒಂದೇ, "ನೋಡುವ." ಆ ಮಾತಿಗೆ 'ಇಲ್ಲ' ಎಂಬ ಅರ್ಥ ಬಿಟ್ಟು ಬೇರೆ ಅರ್ಥವೂ ಇದೆ ಎಂದು ನನಗೆ ತಿಳಿದದ್ದು ನನ್ನ ತಲೆಗೂದಲು ನೆರೆಯಲು ಶುರುವಾದ ಮೇಲೆ.

ಮಂಗಳೂರಿನಿಂದ ಗಡಿ ದಾಟಿದರೆ ಸಿಗುವ, ಮಲಯಾಳದ ರಾಜ್ಯಕ್ಕೆ ಸೇರಿದ ಊರು ನಮ್ಮದು. ಮಾತುಕತೆಯೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ಭಾಷೆಯ ತಪ್ಪಲ್ಲ, ನನ್ನದು.

ನಾನು ಕಾಲೇಜು ಮುಗಿಸುವವರೆಗೂ ಬೀಡಿ ಕಟ್ಟಿದವಳು. ಆಮೇಲೆ ಟ್ಯೂಷನ್, ಕುಟುಂಬಶ್ರೀ ಎಂಬ ಹೆಂಗಸರ ಸಂಘ, ಅದು ಇದು ಎಂದು ಓಡಾಡಿ ಕೊನೆಗೆ ನಮ್ಮ ವಾರ್ಡಿನ ಪಂಚಾಯತ್ ಮೆಂಬರ್ ಆದೆ. ಗೆದ್ದ ಮರುದಿನ ಬ್ರಾಂಚಿನ ಎದುರು ಹಾದು ಹೋಗುವಾಗ ಧಣಿ ಎದ್ದು ನಿಂತು ಕೈ ಮುಗಿದರು. "ಮೆಂಬರೇ, ಇನ್ನು ನಿಮ್ಮ ಅಮ್ಮನ ಬೀಡಿ ಮುರಿಯುವಾಗ ಪಂಚಾಯತಿನ ಪರ್ಮಿಶನ್ ಬೇಕೋ?" ಜಗಲಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನನಗೆ ಮೈ ಉರಿಯಿತು.

ಆ ವರ್ಷವೇ ತಿರುವನಂತಪುರದಿಂದ ಕ್ಯಾನ್ಸರ್ ತಡೆಯುವ ಯೋಜನೆ ಬಂತು. ಇಡೀ ರಾಜ್ಯಕ್ಕೆ ಒಂದೇ ಯೋಜನೆ. ಆದರೆ ಅದನ್ನು ಬರೀ ಆಸ್ಪತ್ರೆಯವರು ಮಾಡುವುದಲ್ಲ, ಊರಿನವರೆಲ್ಲ ಪಾಲುದಾರರಾಗಬೇಕು ಎಂಬುದು ಅದರ ತಿರುಳು. ಜಿಲ್ಲೆಗೊಂದು ಕೂಟ, ಪಂಚಾಯತಿಗೊಂದು ಕೂಟ. ಹಾಲಿನ ಸೊಸೈಟಿ, ಗ್ರಂಥಾಲಯ, ಯುವಕರ ಕ್ಲಬ್, ದೇವಸ್ಥಾನದ ಸಮಿತಿ, ಮಸೀದಿಯ ಸಮಿತಿ, ರಿಕ್ಷಾದವರ ಯೂನಿಯನ್, ಎಲ್ಲರೂ ಒಂದು ಮೇಜಿನ ಸುತ್ತ ಕೂತು ನಮ್ಮಲ್ಲಿ ಯಾರಿಗೆ ಅಪಾಯ ಹೆಚ್ಚು, ಅವರನ್ನು ಮುಟ್ಟುವುದು ಹೇಗೆ ಎಂದು ತೀರ್ಮಾನಿಸಬೇಕು. ನನ್ನನ್ನು ಸಂಚಾಲಕಿ ಮಾಡಿದರು. ಬಾಯಿ ಜೋರಿದ್ದವರಿಗೆ ಇಂಥ ಕೆಲಸ ತಾನಾಗಿಯೇ ಬಂದು ಬೀಳುತ್ತದೆ.

ಮೊದಲನೇ ತಪಾಸಣೆ ಶಿಬಿರವನ್ನು ಶಾಲೆಯಲ್ಲಿ ಇಟ್ಟೆವು. ಬ್ಯಾನರ್ ಕಟ್ಟಿದೆವು, ರಿಕ್ಷಾದಲ್ಲಿ ಮೈಕ್ ಕಟ್ಟಿ ಮೂರು ಭಾಷೆಯಲ್ಲಿ ಕೂಗಿಸಿದೆವು. ಬಂದವರು ಬಿ.ಪಿ. ನೋಡಿಸಲು ಬಂದ ಗಂಡಸರು, ಮತ್ತೆ ಕನ್ನಡಕ ಸಿಗುತ್ತದೋ ಎಂದು ವಿಚಾರಿಸಿದ ಒಬ್ಬ ಅಜ್ಜ. ಹೆಂಗಸರ ಪರೀಕ್ಷೆಗೆಂದು ಬೇರೆಯಾಗಿ ಇಟ್ಟಿದ್ದ ತರಗತಿ ಕೋಣೆಯಲ್ಲಿ ನರ್ಸ್ ಸಂಜೆಯವರೆಗೆ ಒಬ್ಬರೇ ಕೂತಿದ್ದರು. ನಾನು ಹೊರಗೆ ನಿಂತು ಊರಿನ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಬೈದೆ. ಒಬ್ಬಳನ್ನು ಮಾತ್ರ ಬೈಯಲಿಲ್ಲ. ಅವಳಿಗೆ ಹೆದರುತ್ತಿದ್ದೆ.

ಅವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಅಣ್ಣ ಗಲ್ಫಿನಲ್ಲಿ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತ, ಅಮ್ಮನನ್ನು ನೋಡಿಕೊಳ್ಳುತ್ತ, ಬೀಡಿ ಕಟ್ಟುತ್ತ ಇದ್ದವಳು. ಶಿಬಿರಕ್ಕೆ ಸ್ವಲ್ಪ ಮೊದಲು ಒಂದು ಬೆಳಗ್ಗೆ ಅವಳು ಅಂಗಳದಲ್ಲಿ ಕೂತು ನೆನೆದ ಎಲೆಯನ್ನು ಕತ್ತರಿಸುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ. ಅವಳು ಕತ್ತರಿ ಕೆಳಗಿಟ್ಟು, ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಒತ್ತಿಕೊಂಡಳು. ಬೆರಳಿಗೆ ಗಟ್ಟಿಯಾದದ್ದೊಂದು ತಾಗಿತು.

"ಯಾವಾಗಿಂದ?"

"ಗೊತ್ತಿಲ್ಲ. ನೋವು ಇಲ್ಲ."

"ಇವತ್ತೇ ಹೋಗುವ. ನಡಿ, ಬಟ್ಟೆ ಬದಲಾಯ್ಸು."

"ಎಲ್ಲಿಗೂ ಬರುವುದಿಲ್ಲ ನಾನು. ನಾನು ಆಸ್ಪತ್ರೆಯ ಬಸ್ಸು ಹತ್ತಿದ್ರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗ್ತದೆ. ನೀನು ಯಾರಿಗೂ ಹೇಳ್ಬಾರ್ದು. ನಿನ್ನಣ್ಣನಿಗೂ. ನಿನ್ನ ಮಗಳ ಆಣೆ."

ಮಗಳ ಮೇಲೆ ಆಣೆ ಹಾಕಿಸಿಕೊಂಡ ಮೇಲೆ ನಾನು ಏನು ಮಾಡಲಿ? ಅವಳ ಮೇಲೆ ಸಿಟ್ಟು, ಅವಳ ಎದೆಯಲ್ಲಿದ್ದದ್ದರ ಮೇಲೆ ಭಯ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಗಾದರೆ ಅವಳ ಮುಖ ನೋಡಲು ಧೈರ್ಯವಿರಲಿಲ್ಲ. ರಾಜ್ಯದ ಯೋಜನೆ, ಜಿಲ್ಲೆಯ ಕೂಟ ಎಂದು ಊರಿಗೆ ಭಾಷಣ ಮಾಡುತ್ತಿದ್ದ ನನಗೆ ಒಳಗೊಳಗೆ ಇದ್ದದ್ದು ಒಂದೇ ಹಟ. ಅತ್ತಿಗೆ ಯಾರ ಕಣ್ಣಿಗೂ ಬೇರೆಯಾಗಿ ಕಾಣದ ಹಾಗೆ ಅವಳನ್ನು ಡಾಕ್ಟರ ಮುಂದೆ ನಿಲ್ಲಿಸಬೇಕು.

ಹಾಗೆ ಯೋಚಿಸುವಾಗ ಹೊಳೆದದ್ದು ಬ್ರಾಂಚ್. ಬೀಡಿ ಕೊಡುವ ದಿನ ವಾರ್ಡಿನ ಹೆಂಗಸರೆಲ್ಲ ಅಲ್ಲಿಗೆ ಬಂದೇ ಬರುತ್ತಾರೆ. ಯಾಕೆ ಬಂದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಶಿಬಿರವನ್ನು ಅಲ್ಲಿಗೇ ಒಯ್ದರೆ ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಧಣಿಯ ಬಳಿ ಹೋದೆ. ಎಲ್ಲ ಕೇಳಿಸಿಕೊಂಡರು. ಒಂದು ಕಟ್ಟು ಬೀಡಿ ನೋಡಿ ಮುಗಿಸಿದರು.

"ನೋಡುವ" ಎಂದರು.

ಮುಗಿಯಿತು ಎಂದುಕೊಂಡು ಬಂದೆ. ಆದರೆ ಮುಂದಿನ ವಾರ ಪಂಚಾಯತಿನ ಹಾಲ್‌ನಲ್ಲಿ ಕೂಟದ ಸಭೆ ಶುರುವಾಗುವಾಗ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಧಣಿ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಬನಿಯನ್ ಬಿಟ್ಟು ಬೇರೆ ವೇಷದಲ್ಲಿ ನೋಡಿದ್ದು ನಾನು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಕೂತರು. ಅವರು ಕೂತ ಕಡೆಯಿಂದ ಹೊಗೆಸೊಪ್ಪಿನ ಘಾಟು ಮೆಲ್ಲನೆ ಹರಡಿತು. ಜಿಲ್ಲೆಯಿಂದ ಬಂದ ಡಾಕ್ಟರ್ ತಲೆಯೆತ್ತಿದರು. ದಕ್ಷಿಣದ ಕಡೆಯವರು ಆಕೆ, ಈ ಯೋಜನೆಯನ್ನು ನಮ್ಮ ಜಿಲ್ಲೆಯಲ್ಲಿ ನೋಡಿಕೊಳ್ಳುವವರು. ನಾನು ಬ್ರಾಂಚಿನ ವಿಷಯ ಎತ್ತಿದೆ. ಆಕೆ ಮಲಯಾಳದಲ್ಲಿ, ದನಿ ಏರಿಸದೆ ಹೇಳಿದರು. ಹೊಗೆಸೊಪ್ಪಿನ ವ್ಯಾಪಾರದಲ್ಲಿ ಇರುವವರು ಈ ಕೂಟದ ಪಾಲುದಾರರಾಗುವಂತಿಲ್ಲ. ಬೆಂಕಿ ಹಚ್ಚುವವರ ಮನೆಯಿಂದಲೇ ನೀರು ತರುತ್ತೇವೆ ಎಂದು ನಾನು ಮೇಲಿನವರಿಗೆ ಹೇಗೆ ಬರೆಯಲಿ ಎಂದು ಕೇಳಿದರು.

ಆಕೆ ಹೇಳಿದ್ದು ತಪ್ಪಲ್ಲ ಎಂದು ನನಗೂ ಗೊತ್ತಿತ್ತು. ಗ್ರಂಥಾಲಯದವರು ಮೇಜಿನ ಬಟ್ಟೆ ನೇರ್ಪು ಮಾಡಿದರು. ಧಣಿ ಎದ್ದು ನಿಂತರು. ಹೊರಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಡಾಕ್ಟ್ರು ಹೇಳಿದ್ದು ಸರಿ ಉಂಟು" ಎಂದರು. "ಇದು ಒಳ್ಳೆ ವ್ಯಾಪಾರ ಅಂತ ನಾನು ಯಾವಾಗ ಹೇಳಿದ್ದೇನೆ? ನಂಗೆ ಬೇರೆ ಕೆಲಸ ಬರುವುದಿಲ್ಲ, ನಮ್ಮ ಹೆಂಗಸರಿಗೂ ಬರುವುದಿಲ್ಲ. ಆದ್ರೆ ನಿಮಗೆ ಬೇಕಾದವರು ನಿಮ್ಮ ಶಾಲೆಗೆ ಬರ್ಲಿಲ್ಲ. ನನ್ನ ಜಗಲಿಗೆ ಬರ್ತಾರೆ. ಜಗಲಿ ತೆಗೊಳ್ಳಿ. ನನ್ನನ್ನು ಬಿಡಿ."

ಡಾಕ್ಟರಿಗೆ ನಾನು ಅದನ್ನು ಮಲಯಾಳದಲ್ಲಿ ಹೇಳಿದೆ. ಆಕೆ ಬಹಳ ಹೊತ್ತು ಧಣಿಯನ್ನೇ ನೋಡಿದರು. ಇಲ್ಲಿಯ ಜನ ಜ್ವರ ಬಂದರೂ ಗಡಿ ದಾಟಿ ಮಂಗಳೂರಿಗೆ ಓಡುತ್ತಾರೆ, ಹೆಂಗಸರಂತೂ ಎಲ್ಲಿಗೂ ಓಡುವುದಿಲ್ಲ, ಯಾರಿಗೆ ಯಾವಾಗ ಏನಾಯಿತೆಂದು ರಾಜ್ಯಕ್ಕೆ ತಿಳಿಯುವುದೇ ಇಲ್ಲ ಎಂದು ಆಕೆ ಹಿಂದಿನ ಸಭೆಯಲ್ಲಿ ಅಲವತ್ತುಕೊಂಡಿದ್ದರು. ಕೊನೆಗೆ ಒಪ್ಪಿದರು. ಒಂದು ಷರತ್ತು: ಜಾಗ ಮಾತ್ರ. ನೋಟಿಸಿನಲ್ಲಾಗಲಿ, ವರದಿಯಲ್ಲಾಗಲಿ, ಎಲ್ಲಿಯೂ ಇವರ ಹೆಸರು ಬರಬಾರದು.

"ಹೆಸರು ಎಂತಕ್ಕೆ?" ಎಂದರು ಧಣಿ. "ಬ್ಯಾನರೂ ಕಟ್ಬೇಡಿ ಮಾರಾಯ್ರೆ. ಕಂಪೆನಿಯವರಿಗೆ ಗೊತ್ತಾದ್ರೆ ನನ್ನ ಬ್ರಾಂಚೇ ಹೋಗ್ತದೆ."

ಅವರ ಹೆಸರನ್ನು ನಾನು ಇಲ್ಲಿಯೂ ಬರೆದಿಲ್ಲ. ಕೊಟ್ಟ ಮಾತು ಕೊಟ್ಟದ್ದೇ.

ಶಿಬಿರದ ದಿನ ಮೇ ತಿಂಗಳ ಸೆಕೆ. ದಾಸ್ತಾನಿನ ಕೋಣೆಯಲ್ಲಿ ಚೀಲಗಳನ್ನು ಒಂದು ಬದಿಗೆ ಒಟ್ಟಿ, ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದೆವು. ಡಾಕ್ಟರ್ ತಾವೇ ಬಂದಿದ್ದರು, ಜೊತೆಗೆ ನರ್ಸ್. ಹೊರಗೆ ಜಗಲಿಯಲ್ಲಿ ಎಂದಿನಂತೆ ಮೇಜು, ಮೇಜಿನ ಹಿಂದೆ ಧಣಿ. ಹೆಂಗಸರು ಸಾಲಾಗಿ ಬಂದರು, ಬೀಡಿ ಕೊಟ್ಟರು, ಜಗಲಿಯ ಅಂಚಿನಲ್ಲಿ ಕೂತರು. ನಾನು ಒಬ್ಬೊಬ್ಬರ ಹತ್ತಿರ ಹೋಗಿ ಒಳಗೆ ಹೋಗಿ ಎಂದೆ. ಹೂಂ ಎಂದರು. ಎದ್ದವರಿಲ್ಲ. ಬಿಸಿಲು ಜಗಲಿಯ ಮೆಟ್ಟಿಲವರೆಗೆ ಬಂತು. ನರ್ಸ್ ಎರಡು ಸಲ ಸೀರೆಯ ಮರೆಯಿಂದ ಇಣುಕಿದರು. ಅತ್ತಿಗೆ ಕಂಬಕ್ಕೆ ಒರಗಿ, ಬೀಡಿಯ ಚೀಲವನ್ನು ಎದೆಗೆ ಅವಚಿಕೊಂಡು, ನೆಲ ನೋಡುತ್ತಿದ್ದಳು.

ನನ್ನ ತಾಳ್ಮೆ ಎಷ್ಟೆಂದು ಊರಿಗೆಲ್ಲ ಗೊತ್ತು. "ಎಂತ ಆಗಿದೆ ನಿಮಗೆಲ್ಲ?" ಎಂದು ಗಟ್ಟಿಯಾಗಿ ಕೇಳಿಯೇ ಬಿಟ್ಟೆ. "ಮನೆ ಬಾಗಿಲಿಗೆ ಡಾಕ್ಟ್ರು ಬಂದಿದ್ದಾರೆ. ಒಬ್ರಾದ್ರೂ ಏಳ್ಬಾರ್ದಾ?"

ಕಂಬದ ಆಚೆ ಕೂತಿದ್ದ ಒಬ್ಬ ಅಜ್ಜಿ, ನಮ್ಮೂರಿನಲ್ಲಿ ಎಲ್ಲರಿಗಿಂತ ಮೊದಲು ಬೀಡಿ ಕಟ್ಟಲು ಕೂತವರು, ಬಾಯಿಯ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದರು. ಬಂದು ಮೇಜಿನ ಎದುರು ನಿಂತರು. ನನ್ನ ಕಡೆ ನೋಡಲೇ ಇಲ್ಲ.

"ಧಣೀ, ಕೆಳಗಿನ ಮನೆಯವಳಿಗೆ ಕ್ಷಯ ಆದಾಗ ಎಲೆ ನಿಲ್ಲಿಸಿದ್ದು ಯಾರು?"

ನಾನು ಚಿಕ್ಕವಳಿದ್ದಾಗಿನ ಮಾತು. ಕಂಪೆನಿಯವರು ಹೇಳಿದರೆಂದು ಧಣಿ ಆ ಹೆಂಗಸಿಗೆ ಎಲೆ ಕೊಡುವುದನ್ನು ನಿಲ್ಲಿಸಿದ್ದರು. ಆಕೆ ಖಾಲಿ ಚೀಲ ಹಿಡಿದು ಬಂದು ಇದೇ ಮೇಜಿನ ಮುಂದೆ ನಿಂತು ಹೋಗುತ್ತಿದ್ದಳು. ಆಕೆಗೆ ಗುಣವಾಯಿತು, ಆದರೆ ಎಲೆ ಸಿಗಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೋ ಹೋದಳು. ಅಂದಿನಿಂದ ನಮ್ಮ ಹೆಂಗಸರು ಕೆಮ್ಮು ಬಂದರೆ ಕೆಳಗೆ ರಸ್ತೆಯಲ್ಲೇ ಕೆಮ್ಮಿ ಮುಗಿಸಿ ಜಗಲಿ ಹತ್ತುತ್ತಿದ್ದರು. ಅಮ್ಮನೂ. ಬೀಡಿ ಬಿಟ್ಟು ಪಂಚಾಯತಿನ ಕುರ್ಚಿಗೆ ಹೋದ ನನ್ನ ತಲೆಯಿಂದ ಅದು ಹೇಗೋ ಜಾರಿತ್ತು. ರೋಗವನ್ನು ಯಾರಿಂದ ಎಲ್ಲರಿಗಿಂತ ಹೆಚ್ಚು ಮುಚ್ಚಿಡಬೇಕೋ ಅವರ ಕಣ್ಣೆದುರೇ ನಾನು ಪರೀಕ್ಷೆ ಇಟ್ಟಿದ್ದೆ.

ಧಣಿಯ ಹೆಬ್ಬೆರಳು ಬೀಡಿಯ ಕಟ್ಟಿನ ಮೇಲೆ ನಿಂತಲ್ಲೇ ನಿಂತಿತ್ತು. ಮುಖ ಬಾಡಿತ್ತು.

"ನಾನು" ಎಂದರು.

"ಮತ್ತೆ ನಾವು ಹೇಗೆ ಒಳಗೆ ಹೋಗುವುದು?" ಎಂದರು ಅಜ್ಜಿ. "ನಾಳೆ ನಮಗೆ ಎಂತಾದ್ರೂ ಉಂಟು ಅಂತ ಆದ್ರೆ? ನೀವು ನೋಡುವ ಅಂತೀರಿ. ನಾವು ಎಲ್ಲಿ ನೋಡುವುದು?"

ಡಾಕ್ಟರ್ ಮರೆಯಿಂದ ಹೊರಗೆ ಬಂದು ನಿಂತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ ಆಕೆಗೆ ಅರ್ಥವಾಗುತ್ತಿತ್ತು. ಧಣಿ ಎದ್ದರು. ಬಯ್ಯುತ್ತಾರೆ, ಇಲ್ಲವೇ ಎಲ್ಲರೂ ಮನೆಗೆ ಹೋಗಿ ಎನ್ನುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅವರು ಸೀದಾ ದಾಸ್ತಾನಿನ ಕೋಣೆಗೆ ಹೋಗಿ ಮಳೆಗಾಲಕ್ಕೆಂದು ಕೂಡಿಟ್ಟಿದ್ದ ಎಲೆಯ ಚೀಲವನ್ನು ಎಳೆದು ತಂದರು. ಹೊಗೆಸೊಪ್ಪಿನ ಚೀಲವನ್ನೂ ತಂದರು. ತಕ್ಕಡಿ ಇಟ್ಟರು. ಪ್ರತಿಯೊಬ್ಬರಿಗೂ ಎಂದಿಗಿಂತ ದುಪ್ಪಟ್ಟು ತೂಗಿ ಕೊಟ್ಟರು. ಇಷ್ಟು ಎಲೆಯನ್ನು ಒಟ್ಟಿಗೆ ಹಂಚುವುದು ಕಂಪೆನಿಯ ನಿಯಮಕ್ಕೆ ವಿರುದ್ಧವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕೊನೆಯವಳಿಗೂ ಕೊಟ್ಟ ಮೇಲೆ ಕೈ ಕೊಡವಿಕೊಂಡು ನಿಂತರು. "ಎಲೆ ನಿಮ್ಮ ಕೈಯಲ್ಲಿ ಉಂಟು. ಇನ್ನು ಮುಂದೆಯೂ ಬರ್ತದೆ. ಒಳಗೆ ಯಾರು ಹೋದ್ರು, ಯಾರಿಗೆ ಎಂತ ಹೇಳಿದ್ರು, ನಂಗೆ ಬೇಡ. ಡಾಕ್ಟ್ರು ಹೇಳ್ಬಾರ್ದು, ಮೆಂಬರ್ ಹೇಳ್ಬಾರ್ದು, ನೀವೂ ಹೇಳ್ಬಾರ್ದು. ನಂಗೆ ಗೊತ್ತಿಲ್ಲದಿದ್ರೆ ನನ್ನಿಂದ ಎಲೆ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಅಲ್ವಾ? ಗೊತ್ತಾಗದೆ ಇರುವುದು, ಅಷ್ಟೇ ನನ್ನಿಂದ ಆಗುವುದು."

ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರಿನ ಬಸ್ ಸ್ಟಾಪಿನ ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ಆ ಸ್ಟಾಪಿಗೆ ಮಾಡು ಇರಲಿಲ್ಲ. ಕೊಡೆ ಒಯ್ದಿರಲಿಲ್ಲ. ನಮ್ಮ ಕಡೆಗೆ ಬೆನ್ನು ಹಾಕಿ, ಆಚೆಯ ಗುಡ್ಡದ ಕಡೆ ಮುಖ ಮಾಡಿ ಕೂತರು.

ಮೊದಲು ಹೋದದ್ದು ಅಜ್ಜಿಯೇ. "ನನ್ನ ಬಾಯಿ ನೋಡಿದ್ರೆ ಡಾಕ್ಟ್ರಿಗೇ ಕಾಯಿಲೆ ಬರ್ಬಹುದು" ಎಂದು ಹೇಳಿ ಸೀರೆಯ ಮರೆ ಸರಿಸಿದರು. ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು ಎದ್ದರು, ಮತ್ತೊಬ್ಬರು. ಆದರೆ ಪ್ರತಿಯೊಬ್ಬರೂ ಒಳಗೆ ಕಾಲಿಡುವ ಮೊದಲು ಒಮ್ಮೆ ಬಸ್ ಸ್ಟಾಪಿನ ಕಡೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆ ತಲೆ ಒಮ್ಮೆ, ಒಂದೇ ಒಂದು ಸಲ ಈ ಕಡೆ ತಿರುಗಿದರೆ ಎಲ್ಲ ಮುಗಿಯಿತು. ಮನುಷ್ಯನಿಗೆ ಕುತೂಹಲ ಇಲ್ಲದೆ ಇರುತ್ತದೆಯೇ? ಬಸ್ಸು ಬಂತು, ನಿಂತಿತು, ಕಂಡಕ್ಟರ್ ಏನೋ ಕೇಳಿದ, ಇವರು ಬೇಡವೆಂದು ಕೈಯಾಡಿಸಿದರು. ಬಸ್ಸು ಹೋಯಿತು. ಮಧ್ಯದಲ್ಲಿ ಅವರಿಗೆ ಸೀನು ಶುರುವಾಯಿತು. ಒಂದರ ಹಿಂದೆ ಒಂದು. ಜಗಲಿಯಲ್ಲಿ ಎಲ್ಲರೂ ಇದ್ದಲ್ಲೇ ನಿಂತರು. ಸೀನಿ ಸೀನಿ ಉಟ್ಟ ಮುಂಡಿನ ತುದಿಯಿಂದ ಮುಖ ಒರೆಸಿಕೊಂಡರು. ತಿರುಗಲಿಲ್ಲ.

ಅತ್ತಿಗೆ ಎದ್ದಳು. ಒಳಗೆ ಹೋಗಲು ಅಲ್ಲ. ಎಲೆಯ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲ ಕಡೆ ನಡೆದಳು. ನಾನು ಅಡ್ಡ ನಿಂತೆ. ಬಾಯಿ ಬಿಡುವ ಹಾಗಿಲ್ಲ, ಸುತ್ತ ಜನ, ತಲೆಯ ಮೇಲೆ ಮಗಳ ಆಣೆ. ಕೈ ಹಿಡಿದುಕೊಂಡೆ.

"ಬಿಡು" ಎಂದಳು.

"ಬಿಡುವುದಿಲ್ಲ."

"ಅಮ್ಮನಿಗೆ ಊಟಕ್ಕೆ ಹೊತ್ತಾಯ್ತು. ಬಿಡು ನನ್ನನ್ನು."

ಅವಳ ಕೈ ತಣ್ಣಗಿತ್ತು. ಆ ಸೆಕೆಯಲ್ಲಿ. ಕಣ್ಣು ನನ್ನ ಹೆಗಲ ಮೇಲಿಂದ ರಸ್ತೆಯ ಆಚೆ ಹೋಯಿತು. ಅಲ್ಲಿ ಆ ಬೆನ್ನು. ಇಸ್ತ್ರಿ ಅಂಗಿಯಿಲ್ಲ, ಅದೇ ಬನಿಯನ್, ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ಅವಳು ಬಹಳ ಹೊತ್ತು ನೋಡಿದಳು.

"ಪಾಪ, ಎಷ್ಟು ಹೊತ್ತಿನಿಂದ ಬಿಸಿಲಲ್ಲಿ ಕೂತಿದ್ದಾರಲ್ಲ" ಎಂದಳು.

ಕಟ್ಟನ್ನು ಕೆಳಗಿಳಿಸಿ ನನ್ನ ಕೈಗೆ ಕೊಟ್ಟು, ಸೀರೆಯ ಮರೆ ಸರಿಸಿ ಒಳಗೆ ಹೋದಳು. ನಾನು ಆ ಕಟ್ಟನ್ನು ಹಿಡಿದುಕೊಂಡು ನಿಂತೆ. ಒಳಗಿನಿಂದ ಡಾಕ್ಟರ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಉಳಿದವರು ಹೊರಬರಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತಾಯಿತು. ಹೊರಗೆ ಬಂದಾಗ ಅವಳು ಅಳುತ್ತಿರಲಿಲ್ಲ. "ಬುಧವಾರ ಬರ್ಲಿಕ್ಕೆ ಹೇಳಿದ್ದಾರೆ. ನೀನೂ ಬಾ" ಎಂದಳು, ಅಷ್ಟೇ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಹೆದರಿದ್ದೇ ಆಗಿತ್ತು, ಆದರೆ ಹರಡಿರಲಿಲ್ಲ. ಇನ್ನಷ್ಟು ತಡ ಮಾಡಿದ್ದರೆ ಮಾತು ಬೇರೆಯಿತ್ತು ಎಂದು ಡಾಕ್ಟರ್ ನನಗೆ ಹೇಳಿದರು. ದಕ್ಷಿಣದ ದೊಡ್ಡ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಬಂದೆವು, ಮತ್ತೆ ಹೋದೆವು. ಆಪರೇಷನ್, ಕೀಮೋ, ಉದುರಿದ ಕೂದಲು. ಅಣ್ಣ ರಜೆ ಹಾಕಿ ಬಂದು ಅವಳ ಕಾಲಬುಡದಲ್ಲಿ ಕೂತು ಅತ್ತ. ಅವಳಿಗೆ ಬೀಡಿ ಕಟ್ಟಲು ಆಗುತ್ತಿರಲಿಲ್ಲ. ಸುತ್ತಲಿನ ಮನೆಯವರು ತಮ್ಮ ಬೀಡಿಯ ಜೊತೆ ಅವಳ ಪಾಲಿನದನ್ನೂ ಕಟ್ಟಿದರು, ಅವಳ ಪಿ.ಎಫ್. ತುಂಡಾಗಬಾರದೆಂದು. ಅದನ್ನು ಬ್ರಾಂಚಿಗೆ ಒಯ್ದದ್ದು ಅಜ್ಜಿ. ಒಮ್ಮೆ ನಾನೂ ಜೊತೆಗಿದ್ದೆ.

"ಇದು ಮೆಂಬರ್ರ ಅತ್ತಿಗೆಯದ್ದು" ಎಂದು ಅಜ್ಜಿ ಕಟ್ಟುಗಳನ್ನು ಮೇಜಿನ ಮೇಲಿಟ್ಟರು. ಧಣಿ ಒಂದನ್ನು ಎತ್ತಿಕೊಂಡು ಹೆಬ್ಬೆರಳು ಎಳೆದರು. ಅರ್ಧಕ್ಕೆ ನಿಂತಿತು. ಒಂದೊಂದು ಕಟ್ಟು ಒಂದೊಂದು ಕೈಯದ್ದು, ಅದು ನನಗೇ ಕಾಣುತ್ತಿತ್ತು. ಇಷ್ಟು ವರ್ಷ ಎಲ್ಲರ ಬೀಡಿ ನೋಡಿದವರಿಗೆ ಕಾಣದೆ ಇರುತ್ತದೆಯೇ? ಅವರು ಕಟ್ಟನ್ನು ಕೆಳಗಿಟ್ಟರು. ಒಂದನ್ನೂ ಮುರಿಯಲಿಲ್ಲ. "ಚಂದ ಕಟ್ಟಿದ್ದಾಳೆ" ಎಂದರು. ಅತ್ತಿಗೆಯ ಪಾಲಿನ ಎಲೆ ತೂಗಿ ಅಜ್ಜಿಯ ಚೀಲಕ್ಕೆ ಹಾಕಿದರು.

ಕಂಪೆನಿಯವರಿಗೆ ಸುದ್ದಿ ಹೋಗದೆ ಇರಲಿಲ್ಲ. ಮ್ಯಾನೇಜರ್ ಕಾರಿನಲ್ಲಿ ಬಂದ. ಬೀಡಿಯ ಬ್ರಾಂಚಿನಲ್ಲಿ ಕ್ಯಾನ್ಸರಿನ ಕ್ಯಾಂಪ್ ಎಂದರೆ ನಮ್ಮ ಮರ್ಯಾದೆ ಎಂತಾಯಿತು ಎಂದು ಜಗಲಿಯಲ್ಲಿ ನಿಂತು ಕೂಗಾಡಿದ. ಧಣಿ ಕೈಕಟ್ಟಿ ಕೇಳಿದರು. ಆಮೇಲೆ ಎಲೆ ಬರುವುದು ಕಡಿಮೆಯಾಯಿತು, ಮುಂದಿನ ಮಳೆಗಾಲ ಕಳೆಯುವಾಗ ಬ್ರಾಂಚ್ ಮುಚ್ಚಿತು. ಹೆಂಗಸರು ಇನ್ನೊಂದು ಬ್ರಾಂಚಿಗೆ ಬಸ್ಸಿನಲ್ಲಿ ಹೋಗಬೇಕಾಯಿತು. ಕೆಲವರು ಬೀಡಿಯನ್ನೇ ಬಿಟ್ಟರು. ನಿಮ್ಮ ಕ್ಯಾಂಪಿನಿಂದ ನಮ್ಮ ಅನ್ನ ಹೋಯಿತು ಎಂದು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಮುಂದಿನ ವರ್ಷ ಜಿಲ್ಲೆಯ ಕೂಟದಲ್ಲಿ ನಮ್ಮ ಡಾಕ್ಟರ್ ಯೋಜನೆಗೆ ಒಂದು ಮಾತು ಸೇರಿಸಿದರು: ಕೆಲಸ ಕೊಡುವವರ ಕಣ್ಣಿಗೆ ಬೀಳದ ಕಡೆ ತಪಾಸಣೆ ಆಗಬೇಕು, ಫಲಿತಾಂಶ ಅವರ ಕಿವಿಗೆ ಹೋಗಬಾರದು. ಈಗ ಗೇರುಬೀಜದ ಫ್ಯಾಕ್ಟರಿಯ ಹೆಂಗಸರಿಗೂ ಅದೇ ಕ್ರಮ ಎಂದು ಕೇಳಿದ್ದೇನೆ. ಅದನ್ನು ಹೇಳೋಣವೆಂದು ಧಣಿಯ ಮನೆಗೆ ಹೋದರೆ ಅವರು ಪೇಪರಿನಿಂದ ತಲೆಯೆತ್ತಿ, "ಒಳ್ಳೆದಾಯ್ತು. ಚಾ ಕುಡೀತೀರಾ ಮೆಂಬರೇ?" ಎಂದರು.

ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಹಾಸಿಗೆ ಹಿಡಿದರು. ಮಾತು ತೊದಲುತ್ತಿತ್ತು, ಬುದ್ಧಿ ಸರಿ ಇತ್ತು. ಅತ್ತಿಗೆಗೆ ಆಗ ಕೂದಲು ಮತ್ತೆ ಬೆಳೆದು ಜಡೆ ಹಾಕುವಷ್ಟಾಗಿತ್ತು. ಒಂದು ದಿನ ಅವಳೇ ಹೇಳಿದಳು, "ನಡಿ, ಧಣಿಗೆ ಒಂದು ಮಾತು ಹೇಳಿ ಬರುವ. ಹೇಳದೆ ಇದ್ರೆ ನಂಗೆ ಸಮಾಧಾನ ಇಲ್ಲ."

ಮಂಚದ ಬದಿಯ ಸ್ಟೂಲಿನಲ್ಲಿ ಕೂತಳು. "ಧಣೀ, ಆವತ್ತು ಒಳಗೆ ಡಾಕ್ಟ್ರು ನಂಗೆ..."

ಅವರು ಆಡುತ್ತಿದ್ದ ಒಂದೇ ಕೈಯನ್ನು ಎತ್ತಿದರು. "ಬೇಡ."

"ಈಗ ಬ್ರಾಂಚೇ ಇಲ್ಲ ಅಲ್ವಾ? ಹೇಳಿದ್ರೆ ಎಂತ?"

"ಬೇಡ ಮಾರಾಯ್ತಿ." ತೊದಲಿ ತೊದಲಿ ಹೇಳಿದರು. "ನೀನು ಹೇಳಿದ್ರೆ, ಹೇಳದವರು ಯಾರ್ಯಾರು ಅಂತ ನಾನು ಮಲಗಿದಲ್ಲೇ ಯೋಚನೆ ಮಾಡ್ತೇನೆ. ಅವರೆಲ್ಲ ನನ್ನನ್ನು ನಂಬಿದ್ದಾರೆ." ಅವಳ ಮುಖ ನೋಡಿದರು. "ಊಟ ಸೇರ್ತದಲ್ಲ ನಿಂಗೆ?"

"ಸೇರ್ತದೆ."

"ಹಾಗಾದ್ರೆ ಸಾಕು."

ದಾರಿಯುದ್ದಕ್ಕೂ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಡೆದಳು. ಬಾಲ್ಯದಲ್ಲಿ ಅಷ್ಟು ದ್ವೇಷಿಸಿದ ಮನುಷ್ಯನಿಗೆ ನಮ್ಮ ಮನೆಯ ಒಂದು ಜೀವ ಸಲ್ಲಬೇಕು ಎಂದು ಹೇಳಲು ಹೋದರೆ ಅವರು ಅದನ್ನೂ ತೆಗೆದುಕೊಳ್ಳಲಿಲ್ಲ.

ಅದಾಗಿ ಹೆಚ್ಚು ದಿನ ಉಳಿಯಲಿಲ್ಲ ಅವರು. ಚಾವಡಿಯಲ್ಲಿ ಮಲಗಿಸಿದ್ದರು. ಬಾಯಿಗೆ ತುಳಸಿ ನೀರು ಬಿಡಲು ಹೆಂಗಸರು ಸಾಲಾಗಿ ನಿಂತಿದ್ದರು, ಬ್ರಾಂಚಿಗೆ ಬರುತ್ತಿದ್ದವರೇ ಹೆಚ್ಚು. ಅತ್ತಿಗೆ ನನ್ನ ಮುಂದೆ ಇದ್ದಳು. ಅವಳ ಸರದಿ ಬಂದಾಗ ಹಿಂತಿರುಗಿ, "ಈಗ ಹೇಳ್ಬಹುದಲ್ಲ?" ಎಂದು ಕೇಳಿದಳು. ಹೇಳು ಎಂದೆ. ತುಳಸಿಯಿಂದ ನೀರು ಬಿಟ್ಟು, ಬಾಗಿ, ಅವರ ಕಿವಿಯ ಹತ್ತಿರ ಬಾಯಿ ಒಯ್ದು ಏನೋ ಹೇಳಿದಳು. ನಾನು ನೀರು ಬಿಟ್ಟು ಬದಿಗೆ ಸರಿದೆ. ನನ್ನ ಹಿಂದಿದ್ದವಳೂ ಬಾಗಿದಳು. ಅವಳೂ ಕಿವಿಯಲ್ಲಿ ಏನೋ ಹೇಳಿದಳು. ಅವಳ ಹಿಂದಿನವಳು ನೀರು ಬಿಟ್ಟು ಸುಮ್ಮನೆ ಎದ್ದಳು. ಆಕೆಯ ಹಿಂದಿನವಳು ಬಾಗಿದವಳು ಬಹಳ ಹೊತ್ತು ಏಳಲಿಲ್ಲ. ಬಾಗಿದ ಇವರಿಗೂ ಆವತ್ತು ಒಳಗೆ ಡಾಕ್ಟರ್ ಏನೋ ಹೇಳಿದ್ದರೆಂದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಹೊತ್ತಾಯಿತು, ಬೇಗ ಮಾಡಿ ಎಂದು ಗಂಡಸರು ಅಂಗಳದಿಂದ ಹೇಳಿದರು. ಸಾಲಿನಲ್ಲಿದ್ದ ಯಾರೂ ಬೇಗ ಮಾಡಲಿಲ್ಲ.